ದಿನನಿತ್ಯದ ಸ್ವಿಫ್ಟ್‌ಗೆ ಚೆಲುವು, ಚುರುಕು: ಯಾವ ಕೆಲಸ ಮೊದಲು, ಯಾವುದು ಆಮೇಲೆ

ಕಾರನ್ನು ಮಾರ್ಪಾಟು ಮಾಡಿಸಬೇಕೆಂದು ಹೊರಟವರಲ್ಲಿ ಹೆಚ್ಚಿನವರು ಮೊದಲು ಸದ್ದು ಮಾಡುವ ಸೈಲೆನ್ಸರ್ ಕೊಳ್ಳುತ್ತಾರೆ. ಆಮೇಲೆ ದೊಡ್ಡ ಅಲಾಯ್ ಚಕ್ರ, ಆಮೇಲೆ ಕಣ್ಣು ಕುಕ್ಕುವ ದೀಪ. ಟೈರು, ಬ್ರೇಕುಗಳ ಸರದಿ ಬರುವ ಹೊತ್ತಿಗೆ ಹಣ ಮುಗಿದಿರುತ್ತದೆ. ಹೀಗೆ ತಯಾರಾದ ಕಾರು ದೂರದಿಂದಲೇ ಗೊತ್ತಾಗುತ್ತದೆ, ಓಟ ಮಾತ್ರ ಮೊದಲಿನಷ್ಟೇ ಇರುತ್ತದೆ. ಎಷ್ಟೋ ಸಲ ಮೊದಲಿಗಿಂತ ಮಂದವಾಗಿರುತ್ತದೆ. ಇದೇ ಹಣವನ್ನು ತಿರುವುಮುರುವು ಕ್ರಮದಲ್ಲಿ, ಅಂದರೆ ಕಾರು ನೆಲವನ್ನು ಮುಟ್ಟುವ ಜಾಗದಿಂದ ಶುರುಮಾಡಿ ಮೇಲಕ್ಕೆ ಖರ್ಚು ಮಾಡಿದರೆ ಸಾಧಾರಣ ಕಾರೂ ಓಡಿಸಲು ಖುಷಿ ಕೊಡುತ್ತದೆ, ನೋಡಲು ಚೆನ್ನಾಗಿರುತ್ತದೆ. ಈ ಲೇಖನವನ್ನು ಆ ಕ್ರಮದಲ್ಲೇ ಬರೆದಿದ್ದೇನೆ.

ಉದಾಹರಣೆಗೆ ಮಾರುತಿ ಸುಜುಕಿ ಸ್ವಿಫ್ಟ್ ಕಾರನ್ನು ತೆಗೆದುಕೊಳ್ಳುತ್ತೇನೆ. ನಮ್ಮ ರಸ್ತೆಗಳಲ್ಲಿ ಅದು ತುಂಬಿಕೊಂಡಿದೆ, ಬಿಡಿಭಾಗ ಎಲ್ಲೆಡೆ ಸಿಗುತ್ತದೆ, ಯಾವ ಊರಿನ ಮೆಕ್ಯಾನಿಕ್‌ಗೂ ಅದರ ಪರಿಚಯವಿದೆ. 2021ರಲ್ಲಿ ಪರಿಷ್ಕೃತವಾಗಿ ಬಂದ ಸ್ವಿಫ್ಟ್‌ನಲ್ಲಿ 1.2 ಲೀಟರಿನ ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್ ಇದೆ. ಸುಮಾರು 90 ಅಶ್ವಶಕ್ತಿ, 113 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ. ಕಾರಿನ ತೂಕ 900 ಕಿಲೋ ಆಸುಪಾಸು. ಹಗುರ ಮೈ ಮತ್ತು ಚಿಕ್ಕ ಎಂಜಿನ್, ಇವೆರಡೇ ಈ ಕಾರಿನ ಬಂಡವಾಳ. ಬಲೆನೊ, ಐ20, ಆಲ್ಟ್ರೋಜ್, ಟಿಯಾಗೊ ಇಟ್ಟುಕೊಂಡವರಿಗೂ ಕ್ರಮ ಇದೇ. ಅಳತೆಗಳನ್ನು ಮಾತ್ರ ತಮ್ಮ ಕಾರಿನ ಕೈಪಿಡಿಯಿಂದ ನೋಡಿಕೊಳ್ಳಬೇಕು.

ಕಾನೂನಿನ ಗೆರೆ ಎಲ್ಲಿದೆ

ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಮೂದಿಸಿದ ವಿವರಗಳೊಂದಿಗೆ ತಾಳೆಯಾಗದಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಂ ಅನುಮತಿಯಿಲ್ಲದ ಮಾರ್ಪಾಟಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಒಂದೊಂದು ಮಾರ್ಪಾಟಿಗೂ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸುತ್ತದೆ. ಲೆಕ್ಕ ಒಂದೊಂದು ಮಾರ್ಪಾಟಿಗೂ ಪ್ರತ್ಯೇಕ ಎಂಬುದನ್ನು ಗಮನಿಸಿ.

ನಮ್ಮ ಕೆಲಸಕ್ಕೆ ಬೇಕಾದಷ್ಟು ಅರ್ಥ ಇದು: ಎಂಜಿನ್ ಬದಲಿಸುವುದು, ಚಾಸಿ ಅಥವಾ ಕಾರಿನ ಕಟ್ಟಡವನ್ನು ಕತ್ತರಿಸುವುದು, ಇಂಧನದ ಬಗೆ ಬದಲಿಸುವುದು, ಇಡೀ ಕಾರಿನ ಬಣ್ಣ ಬದಲಿಸುವುದು ಇವೆಲ್ಲ ಸಾರಿಗೆ ಕಚೇರಿಗೆ ಹೋಗದೆ ಮಾಡುವ ಕೆಲಸಗಳಲ್ಲ. ಅದೇ ಅಳತೆಯ ಉತ್ತಮ ಟೈರು, ಉತ್ತಮ ಬ್ರೇಕ್ ಪ್ಯಾಡ್, ಹೊಸ ಶಾಕ್ ಅಬ್ಸಾರ್ಬರ್, ಪಾಲಿಶ್, ಒಳಗಿನ ಸ್ಪೀಕರ್ ಇವು ಯಾರ ತಂಟೆಗೂ ಹೋಗದ ಕೆಲಸಗಳು. ಅದೃಷ್ಟಕ್ಕೆ, ದುಡ್ಡಿಗೆ ತಕ್ಕ ಫಲ ಕೊಡುವ ಕೆಲಸಗಳಲ್ಲಿ ಬಹುಪಾಲು ಈ ಎರಡನೇ ಗುಂಪಿನಲ್ಲೇ ಇವೆ.

ಹಂತ 1: ಕಾರು ಈಗ ಹೇಗಿದೆ?

ಐದಾರು ವರ್ಷ ಓಡಿದ ಕಾರು ಷೋರೂಮಿನಿಂದ ಬಂದಾಗಿನಷ್ಟು ಚುರುಕಾಗಿರುವುದಿಲ್ಲ. ದಿನಕ್ಕಿಷ್ಟರಂತೆ ಮಂದವಾಗುವುದರಿಂದ ಓಡಿಸುವವರಿಗೆ ಅದು ತಿಳಿಯುವುದೂ ಇಲ್ಲ. ಆದ್ದರಿಂದ ಮೊದಲ ಖರ್ಚು ಕಳೆದುಹೋದದ್ದನ್ನು ವಾಪಸು ಪಡೆಯುವುದಕ್ಕೆ ಇರಲಿ.

ಏರ್ ಫಿಲ್ಟರ್ ತೆಗೆದು ನೋಡಿ. ಕೆಮ್ಮಣ್ಣಿನ ರಸ್ತೆಗಳಲ್ಲಿ ಓಡಾಡುವವರಿಗೆ ಕೈಪಿಡಿ ಹೇಳುವ ಅವಧಿಗಿಂತ ಮೊದಲೇ ಅದು ಕಟ್ಟಿಕೊಂಡಿರುತ್ತದೆ. ಸ್ಪಾರ್ಕ್ ಪ್ಲಗ್‌ಗಳ ವಯಸ್ಸು ವಿಚಾರಿಸಿ. ಎಂಜಿನ್‌ಗೆ ಗಾಳಿ ಬಿಡುವ ಕವಾಟದ ಭಾಗವಾದ ಥ್ರಾಟಲ್ ಬಾಡಿಯಲ್ಲಿ ಕಟ್ಟಿದ ಕಪ್ಪು ಮಸಿಯನ್ನು ತೊಳೆಸಿ. ಎಂಜಿನ್ ಆಯಿಲನ್ನು ಕೈಪಿಡಿಯಲ್ಲಿ ಬರೆದ ದರ್ಜೆಯದ್ದನ್ನೇ ಹಾಕಿಸಿ. ದಪ್ಪ ಆಯಿಲ್ ಹಾಕಿದರೆ ಎಂಜಿನ್ ಗಟ್ಟಿಯಾಗುತ್ತದೆ ಎಂಬ ಸಲಹೆ ಗ್ಯಾರೇಜುಗಳಲ್ಲಿ ಈಗಲೂ ಸಿಗುತ್ತದೆ, ಅದನ್ನು ಕೇಳಬೇಡಿ. ಇಂದಿನ ಎಂಜಿನ್‌ಗಳ ಒಳಗಿನ ಸಂದುಗಳು ತೆಳು ಆಯಿಲಿಗೆ ಹೊಂದುವಂತೆ ಮಾಡಿದವು. ಮೊಬೈಲಿಗೆ ಜೋಡಿಸುವ ಅಗ್ಗದ ಓಬಿಡಿ ಸಾಧನ ಒಂದಿದ್ದರೆ, ಎಂಜಿನ್ ದೀಪ ಹೊತ್ತದಿದ್ದರೂ ಒಳಗೆ ಬಾಕಿ ಉಳಿದ ದೋಷಗಳಿವೆಯೇ ಎಂದು ಮನೆಯಲ್ಲೇ ಓದಿಕೊಳ್ಳಬಹುದು.

ಆಮೇಲೆ ಜಾಕ್ ಹಾಕಿ ಚಕ್ರವನ್ನು ಕೈಯಲ್ಲಿ ತಿರುಗಿಸಿ ನೋಡಿ. ಬ್ರೇಕ್ ಕ್ಯಾಲಿಪರ್, ಅಂದರೆ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಹಿಡಿಕೆ, ಸಡಿಲಗೊಳ್ಳದೆ ಹಿಡಿದುಕೊಂಡಿದ್ದರೆ ಚಕ್ರ ತೊಡಕಿಕೊಂಡು ತಿರುಗುತ್ತದೆ. ಅಂಥ ಕಾರಿನ ಎಂಜಿನ್‌ಗೆ ಎಷ್ಟು ಖರ್ಚು ಮಾಡಿದರೂ ವ್ಯರ್ಥ. ಈ ಹಂತದ ಎಲ್ಲ ಕೆಲಸ ಮುಗಿಸಿ ಒಂದು ವಾರ ಓಡಿಸಿದ ಮೇಲಷ್ಟೇ ಮುಂದಿನದನ್ನು ಯೋಚಿಸಿ. ಹಲವರ ಆಸೆ ಇಲ್ಲಿಗೇ ಅರ್ಧ ಈಡೇರಿರುತ್ತದೆ.

ಹಂತ 2: ಟೈರು ಮತ್ತು ಚಕ್ರ

ಕಾರಿನಲ್ಲಿ ಏನೇ ಬದಲಿಸಿದರೂ ಅದು ಕೊನೆಗೆ ರಸ್ತೆಗೆ ತಲುಪುವುದು ನಾಲ್ಕು ಟೈರುಗಳ ಅಂಗೈಯಗಲದ ಜಾಗದಿಂದ. ವೇಗ ಹಿಡಿಯುವುದು, ತಿರುಗುವುದು, ನಿಲ್ಲುವುದು ಮೂರೂ ಅಲ್ಲಿಯೇ. ಒಂದೇ ಒಂದು ಕೆಲಸಕ್ಕೆ ಹಣ ಇದೆ ಎನ್ನುವವರಿಗೆ ನಾನು ಹೇಳುವುದು ಒಳ್ಳೆಯ ಟೈರು ಹಾಕಿಸಿ ಎಂದು. ಅದರಲ್ಲೂ ಮಳೆಗಾಲದಲ್ಲಿ ಚಾರ್ಮಾಡಿಯನ್ನೋ ಶಿರಾಡಿಯನ್ನೋ ಹತ್ತಿ ಇಳಿಯುವವರಿಗೆ ಬೇರೆ ಮಾತೇ ಇಲ್ಲ.

ಅಳತೆಯ ಲೆಕ್ಕ ಕಲಿತುಕೊಳ್ಳಿ, ಇದು ಸುಲಭ. ಟೈರಿನ ಪಕ್ಕೆಯ ಮೇಲೆ 185/65 ಆರ್15 ಎಂದಿದ್ದರೆ 185 ಎಂಬುದು ಮಿಲಿಮೀಟರ್ ಲೆಕ್ಕದ ಅಗಲ. 65 ಎಂದರೆ ಪಕ್ಕೆಯ ಎತ್ತರ ಆ ಅಗಲದ ಶೇ 65. 15 ಎಂಬುದು ರಿಮ್ಮಿನ ವ್ಯಾಸ, ಇಂಚುಗಳಲ್ಲಿ. ಪಕ್ಕೆಯ ಎತ್ತರವನ್ನು ಎರಡರಿಂದ ಗುಣಿಸಿ, ರಿಮ್ಮಿನ ವ್ಯಾಸವನ್ನು ಮಿಲಿಮೀಟರಿಗೆ ಬದಲಿಸಿ ಕೂಡಿದರೆ ಇಡೀ ಚಕ್ರದ ಎತ್ತರ ಸಿಗುತ್ತದೆ.

ಆ ಪೀಳಿಗೆಯ ಸ್ವಿಫ್ಟ್‌ನ ಕೆಳದರ್ಜೆಯ ಮಾದರಿಗಳಾದ ಎಲ್‌ಎಕ್ಸ್‌ಐ, ವಿಎಕ್ಸ್‌ಐಗಳಿಗೆ ಬಂದದ್ದು 165/80 ಆರ್14. ಅದರ ಎತ್ತರ ಸುಮಾರು 620 ಮಿಲಿಮೀಟರ್. ಮೇಲ್ದರ್ಜೆಯ ಝಡ್‌ಎಕ್ಸ್‌ಐಗೆ ಕಂಪನಿಯೇ ಕೊಟ್ಟದ್ದು 185/65 ಆರ್15, ಎತ್ತರ ಸುಮಾರು 621. ಬಲೆನೊದ ಮೇಲ್ದರ್ಜೆಗಳಿಗೆ ಬರುವ 195/55 ಆರ್16 ಕೂಡ ಸುಮಾರು 621. ಮೂರರ ಎತ್ತರವೂ ಒಂದೇ ಇರುವುದು ಆಕಸ್ಮಿಕವಲ್ಲ. ಎತ್ತರ ಬದಲಾದರೆ ಸ್ಪೀಡೋಮೀಟರ್ ತಪ್ಪು ತೋರಿಸುತ್ತದೆ, ಗೇರುಗಳ ಲೆಕ್ಕವೂ ತಪ್ಪುತ್ತದೆ. ಮೂಲ ಎತ್ತರದಿಂದ ಶೇ 2ಕ್ಕಿಂತ ಹೆಚ್ಚು ಆಚೀಚೆ ಹೋಗಬೇಡಿ.

ಎಲ್‌ಎಕ್ಸ್‌ಐ ಅಥವಾ ವಿಎಕ್ಸ್‌ಐ ಇಟ್ಟುಕೊಂಡವರಿಗೆ ಇದರಲ್ಲಿ ಒಂದು ದೊಡ್ಡ ಅನುಕೂಲವಿದೆ. 14 ಇಂಚಿನ ಉಕ್ಕಿನ ಚಕ್ರದಿಂದ ಝಡ್‌ಎಕ್ಸ್‌ಐನ 15 ಇಂಚಿನ ಅಲಾಯ್ ಮತ್ತು 185/65 ಟೈರಿಗೆ ಹೋದರೆ, ನೀವು ಹಾಕಿಸುತ್ತಿರುವುದು ಅದೇ ಕಂಪನಿ ಅದೇ ಕಾರಿಗೆ ಪರೀಕ್ಷಿಸಿ ಕೊಟ್ಟ ಅಳತೆ. ಹಿಡಿತ ಹೆಚ್ಚುತ್ತದೆ, ಚಕ್ರದ ಗೂಡು ತುಂಬಿದಂತೆ ಕಾಣುತ್ತದೆ, ವಿಮೆಯವರ ಮುಂದೆ ವಾದಿಸುವ ಪ್ರಸಂಗವೂ ಬರುವುದಿಲ್ಲ. ಮೇಲ್ದರ್ಜೆಯ ಕಾರಿನಿಂದ ಬಿಚ್ಚಿದ ಅಲಾಯ್‌ಗಳು ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಸಿಗುತ್ತವೆ. ಕೊಳ್ಳುವಾಗ ಬ್ಯಾಲೆನ್ಸಿಂಗ್ ಯಂತ್ರಕ್ಕೆ ಹಾಕಿಸಿ, ತಿರುಗುವಾಗ ಅಂಚು ಓಲಾಡುತ್ತದೆಯೇ ಎಂದು ನೋಡಿ, ಒಳಮೈಯಲ್ಲಿ ಬೆಸುಗೆ ಹಾಕಿದ ಗುರುತು ಇದ್ದರೆ ಅಲ್ಲಿಯೇ ಬಿಟ್ಟು ಬನ್ನಿ. ಬಿರುಕು ಬಿಟ್ಟ ಅಲಾಯ್‌ಗೆ ಹಾಕಿದ ಬೆಸುಗೆಯನ್ನು ನಂಬಬಾರದು.

16 ಇಂಚು ಇನ್ನೂ ಚೆಂದ ಎಂಬುದನ್ನು ಒಪ್ಪುತ್ತೇನೆ. ಆದರೆ ಪಕ್ಕೆಯ ಎತ್ತರ 120 ಮಿಲಿಮೀಟರಿನಿಂದ 107ಕ್ಕೆ ಇಳಿಯುತ್ತದೆ. 17 ಇಂಚಿಗೆ ಹೋಗಿ 195/45 ಹಾಕಿಸಿದರೆ ಉಳಿಯುವುದು 88 ಮಿಲಿಮೀಟರ್ ಮಾತ್ರ. ಮಳೆನೀರು ತುಂಬಿದ ಗುಂಡಿಗೆ ಒಮ್ಮೆ ಇಳಿದರೆ ರಿಮ್ಮು ಸೊಟ್ಟಗಾಗಲು, ಟೈರಿನ ಪಕ್ಕೆ ಉಬ್ಬಿಕೊಳ್ಳಲು ಅಷ್ಟು ಸಾಕು. ನಮ್ಮ ರಸ್ತೆಗಳಿಗೆ, 900 ಕಿಲೋ ತೂಕದ ಈ ಕಾರಿಗೆ 15 ಇಂಚೇ ಸರಿ ಎಂಬುದು ನನ್ನ ಅಭಿಪ್ರಾಯ.

ಹೊರಗಿನ ಕಂಪನಿಯ ಅಲಾಯ್ ಕೊಳ್ಳುವುದಾದರೆ ನಾಲ್ಕು ಸಂಗತಿ ತಾಳೆಯಾಗಬೇಕು. ಬೋಲ್ಟುಗಳ ವೃತ್ತ, ಅಂದರೆ ಪಿಸಿಡಿ: ಸ್ವಿಫ್ಟ್‌ಗೆ ನಾಲ್ಕು ಬೋಲ್ಟು, 100 ಮಿಲಿಮೀಟರ್. ನಡುವಿನ ರಂಧ್ರ: ಸ್ವಿಫ್ಟ್‌ನ ಹಬ್, ಅಂದರೆ ಚಕ್ರ ಕೂರುವ ನಡುಭಾಗ, 54.1 ಮಿಲಿಮೀಟರ್. ಹೊರಗಿನ ಅಲಾಯ್‌ಗಳಲ್ಲಿ ಎಲ್ಲ ಕಾರಿಗೂ ಹೊಂದಲೆಂದು ಈ ರಂಧ್ರವನ್ನು ದೊಡ್ಡದಾಗಿ ಬಿಟ್ಟಿರುತ್ತಾರೆ. ಆ ಸಂದನ್ನು ಹಬ್ ರಿಂಗ್ ಹಾಕಿ ತುಂಬದಿದ್ದರೆ ವೇಗದಲ್ಲಿ ಸ್ಟೀರಿಂಗ್ ನಡುಗುತ್ತದೆ, ಎಷ್ಟು ಸಲ ಬ್ಯಾಲೆನ್ಸ್ ಮಾಡಿಸಿದರೂ ನಡುಕ ಹೋಗುವುದಿಲ್ಲ. ಮೂರನೆಯದು ನಟ್ಟು: ಸುಜುಕಿಯದು 12 ಮಿಲಿಮೀಟರ್, 1.25ರ ಎಳೆ (ಒಂದು ಎಳೆಯಿಂದ ಇನ್ನೊಂದಕ್ಕೆ ಇರುವ ಅಂತರ, ಮಿಲಿಮೀಟರಿನಲ್ಲಿ). ಹೋಂಡಾ, ಟೊಯೋಟಾಗಳದು 1.5ರ ಎಳೆ. ಅಂಗಡಿಯ ಹುಡುಗ ಡಬ್ಬಿಯಲ್ಲಿ ಕೈಗೆ ಸಿಕ್ಕ ನಟ್ಟನ್ನು ಯಂತ್ರದಿಂದ ಬಿಗಿದರೆ ಬೋಲ್ಟಿನ ಎಳೆ ಹಾಳಾಗುತ್ತದೆ. ಮೊದಲ ಕೆಲವು ಸುತ್ತು ಕೈಯಲ್ಲೇ ತಿರುಗಿಸುವಂತೆ ಹೇಳಿ. ನಾಲ್ಕನೆಯದು ಆಫ್‌ಸೆಟ್, ಅಂದರೆ ರಿಮ್ಮಿನ ನಡುಗೆರೆಯಿಂದ ಹಬ್‌ಗೆ ತಾಗುವ ಮುಖ ಎಷ್ಟು ದೂರವಿದೆ ಎಂಬುದು; ಇಟಿ ಎಂದು ರಿಮ್ಮಿನ ಒಳಗೆ ಕೊರೆದ ಸಂಖ್ಯೆ. ಮೂಲಕ್ಕಿಂತ ಇದು ತೀರ ಕಡಿಮೆಯಿದ್ದರೆ ಚಕ್ರ ಹೊರಗೆ ಚಾಚಿಕೊಂಡು ಬೇರಿಂಗಿನ ಮೇಲೆ ಭಾರ ಬೀಳುತ್ತದೆ, ಮಡ್‌ಗಾರ್ಡಿಗೆ ಉಜ್ಜುತ್ತದೆ. ಹಬ್‌ಗೂ ಚಕ್ರಕ್ಕೂ ನಡುವೆ ಸ್ಪೇಸರ್ ಬಿಲ್ಲೆ ಹಾಕಿ ಚಕ್ರವನ್ನು ಹೊರತಳ್ಳುವುದೂ ಇದೇ ತೊಂದರೆಯನ್ನು ಹಣ ಕೊಟ್ಟು ತಂದುಕೊಂಡಂತೆ.

ಇನ್ನೊಂದು ಮಾತು, ಇದನ್ನು ಅಂಗಡಿಯವರು ಹೇಳುವುದಿಲ್ಲ: ಅಲಾಯ್ ಎಂದ ಮಾತ್ರಕ್ಕೆ ಹಗುರವಲ್ಲ. ಅಗ್ಗದ ಎರಕದ ಅಲಾಯ್‌ಗಳು ಮೂಲ ಉಕ್ಕಿನ ಚಕ್ರಕ್ಕಿಂತ ಭಾರವಿರುವುದುಂಟು. ಚಕ್ರದ ಭಾರ ಎಂಜಿನ್ ಎಳೆಯಬೇಕಾದ ಭಾರ ಮಾತ್ರವಲ್ಲ, ತಿರುಗಿಸಬೇಕಾದ ಭಾರ. ಗುಂಡಿಯಲ್ಲಿ ಸ್ಪ್ರಿಂಗು ತಡೆದುಕೊಳ್ಳಬೇಕಾದ ಭಾರವೂ ಅದೇ. ತೂಕದ ಯಂತ್ರದ ಮೇಲಿಟ್ಟು ನೋಡದೆ ಕೊಳ್ಳಬೇಡಿ. ಜಪಾನಿನ ಚಕ್ರ ಪರೀಕ್ಷೆಯ ಜೆಡಬ್ಲ್ಯೂಎಲ್, ವಿಐಎ ಗುರುತುಗಳು ಎರಕದಲ್ಲೇ ಮೂಡಿರಬೇಕು, ಸ್ಟಿಕ್ಕರಿನಲ್ಲಿ ಅಲ್ಲ.

ಟೈರಿನ ಪಕ್ಕೆಯಲ್ಲಿ ಅಳತೆಯ ಮುಂದೆ 88ಎಚ್ ಎಂಬಂಥ ಗುರುತಿರುತ್ತದೆ. 88 ಎಂದರೆ ಒಂದು ಟೈರು 560 ಕಿಲೋ ಹೊರಬಲ್ಲದು, ಎಚ್ ಎಂದರೆ ಗಂಟೆಗೆ 210 ಕಿಲೋಮೀಟರ್‌ವರೆಗಿನ ವೇಗ ತಾಳಬಲ್ಲದು. ಹೊಸದು ಹಾಕಿಸುವಾಗ ಈ ಎರಡೂ ಮೂಲಕ್ಕಿಂತ ಕಡಿಮೆಯಾಗಬಾರದು. ನಾಲ್ಕು ಅಂಕಿಯ ಇನ್ನೊಂದು ಗುರುತು ತಯಾರಾದ ವಾರ ಮತ್ತು ವರ್ಷ: 2324 ಎಂದರೆ 2024ನೇ ವರ್ಷದ 23ನೇ ವಾರ. ಗೋದಾಮಿನಲ್ಲಿ ಎರಡು ಮೂರು ವರ್ಷ ಕೂತ ಟೈರನ್ನು ರಿಯಾಯಿತಿಯ ಹೆಸರಿನಲ್ಲಿ ದಾಟಿಸುವುದು ಮಾಮೂಲು.

ಹಾಕಿಸಿದ ದಿನವೇ ಅಲೈನ್‌ಮೆಂಟ್ ಮಾಡಿಸಿ. ನೂರು ಕಿಲೋಮೀಟರ್ ಓಡಿದ ಮೇಲೆ ನಟ್ಟುಗಳನ್ನು ಬಿಗಿತ ಅಳೆಯುವ ಟಾರ್ಕ್ ಸ್ಪ್ಯಾನರಿನಿಂದ ಮತ್ತೊಮ್ಮೆ ನೋಡಿ. ಹಳೆಯ ಉಕ್ಕಿನ ಚಕ್ರದ ನಟ್ಟುಗಳನ್ನು ಎಸೆಯಬೇಡಿ. ಸ್ಟೆಪ್ನಿ ಉಕ್ಕಿನದೇ ಆಗಿರುವುದರಿಂದ ಅದಕ್ಕೆ ಅವೇ ಬೇಕಾಗಬಹುದು, ಡಿಕ್ಕಿಯಲ್ಲಿ ಒಂದು ಚೀಲದಲ್ಲಿ ಇರಲಿ.

ಹಂತ 3: ನಿಲ್ಲುವ ಶಕ್ತಿ

ಸ್ವಿಫ್ಟ್‌ಗೆ ಮುಂದೆ ಡಿಸ್ಕ್, ಹಿಂದೆ ಡ್ರಮ್. ಹಿಂದಿನ ಡ್ರಮ್ಮನ್ನು ಡಿಸ್ಕಿಗೆ ಬದಲಿಸಿ ಎಂದು ಹೇಳುವವರಿದ್ದಾರೆ. ಬೇಡ. ನಿಲ್ಲುವಾಗ ಕಾರಿನ ಭಾರ ಮುಂದಕ್ಕೆ ಬೀಳುವುದರಿಂದ ಕೆಲಸದ ದೊಡ್ಡ ಪಾಲು ಮುಂದಿನ ಬ್ರೇಕಿನದು. ಹಿಂದಿನದನ್ನು ಲೆಕ್ಕವಿಲ್ಲದೆ ಬಲಪಡಿಸಿದರೆ ಮುಂದು ಹಿಂದಿನ ಸಮತೋಲ ಕೆಡುತ್ತದೆ. ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್‌ನ ಲೆಕ್ಕಾಚಾರ ಮೂಲ ಬ್ರೇಕುಗಳಿಗೆ ಹೊಂದಿಸಿದ್ದು.

ಮಾಡಬೇಕಾದದ್ದು ಇಷ್ಟೆ. ಮುಂದಿನ ಪ್ಯಾಡುಗಳು ಸವೆದಿದ್ದರೆ ಒಳ್ಳೆಯ ದರ್ಜೆಯದ್ದನ್ನು ಹಾಕಿಸಿ, ಡಿಸ್ಕಿನ ದಪ್ಪ ಅದರ ಮೇಲೆ ಬರೆದ ಕನಿಷ್ಠ ಅಳತೆಗಿಂತ ಹೆಚ್ಚಿದೆಯೇ ನೋಡಿ. ರೇಸಿನ ಪ್ಯಾಡುಗಳು ದಿನನಿತ್ಯದ ಓಡಾಟಕ್ಕೆ ಹೊಂದುವುದಿಲ್ಲ, ಬಿಸಿಯಾಗುವವರೆಗೆ ಅವು ಸರಿಯಾಗಿ ಹಿಡಿಯುವುದಿಲ್ಲ. ಹೊಸ ಪ್ಯಾಡು ಹಾಕಿದ ಮೇಲೆ ಖಾಲಿ ರಸ್ತೆಯಲ್ಲಿ ಗಂಟೆಗೆ 60 ಕಿಲೋಮೀಟರಿನಿಂದ 20ಕ್ಕೆ, ಪೂರ್ತಿ ನಿಲ್ಲಿಸದೆ, ಹಲವು ಸಲ ಹದವಾಗಿ ಒತ್ತಿ ಇಳಿಸಿ, ನಡುವೆ ಆರಲು ಬಿಡಿ. ಪ್ಯಾಡು ಮತ್ತು ಡಿಸ್ಕು ಒಂದಕ್ಕೊಂದು ಹೊಂದಿಕೊಳ್ಳುವುದು ಹೀಗೆ.

ಬ್ರೇಕ್ ಆಯಿಲನ್ನು ಬಹಳ ಜನ ಮರೆತೇಬಿಡುತ್ತಾರೆ. ಅದು ಗಾಳಿಯ ತೇವವನ್ನು ಹೀರುತ್ತದೆ. ಹೊಸ ಡಾಟ್ 4 ದರ್ಜೆಯ ಬ್ರೇಕ್ ದ್ರವ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ತೇವ ಹೀರಿದ ಮೇಲಿನ ಮಾನದಂಡ 155 ಡಿಗ್ರಿ ಮಾತ್ರ. ಘಾಟಿ ಇಳಿಯುವಾಗ ಪೆಡಲು ಮೆತ್ತಗಾಗಿ ಒಳಕ್ಕೆ ಹೋಗುವುದಕ್ಕೆ ಒಂದು ಕಾರಣ ಆ ದ್ರವ ಕುದಿದು ಗುಳ್ಳೆಯಾಗುವುದು. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ಕರಾವಳಿ, ಮಲೆನಾಡಿನಲ್ಲಿರುವವರು ಇದನ್ನು ಒಂದು ದಿನವೂ ಮುಂದೂಡಬೇಡಿ.

ಹಂತ 4: ಸ್ಪ್ರಿಂಗು, ಶಾಕ್ ಅಬ್ಸಾರ್ಬರ್

ಸ್ವಿಫ್ಟ್‌ನ ನೆಲದಂತರ 163 ಮಿಲಿಮೀಟರ್. ಕಾರನ್ನು ತಗ್ಗಿಸಿದರೆ ನೋಟ ಬದಲಾಗುತ್ತದೆ, ತಿರುವಿನಲ್ಲಿ ವಾಲುವುದು ಕಡಿಮೆಯಾಗುತ್ತದೆ, ಎರಡೂ ನಿಜ. ಆದರೆ ನಮ್ಮ ಊರುಗಳ ರಸ್ತೆ ಉಬ್ಬುಗಳಿಗೆ ಒಂದು ಅಳತೆ ಎಂಬುದೇ ಇಲ್ಲ. 30 ಮಿಲಿಮೀಟರ್ ತಗ್ಗಿಸಿ ನಾಲ್ಕು ಜನ ಕೂತ ಕಾರಿನ ಹೊಟ್ಟೆ ಎಷ್ಟು ಕಡೆ ತಾಗುತ್ತದೆ ಎಂದು ನೀವೇ ಲೆಕ್ಕ ಹಾಕಿ. ತಗ್ಗಿಸಲೇಬೇಕೆಂದಿದ್ದರೆ ಮಿತಿ 20–25 ಮಿಲಿಮೀಟರ್. ಸ್ಪ್ರಿಂಗಿಗೆ ಹೊಂದುವ ಶಾಕ್ ಅಬ್ಸಾರ್ಬರನ್ನೂ ಜೊತೆಗೇ ಹಾಕಿಸಬೇಕು. ಗಿಡ್ಡ ಸ್ಪ್ರಿಂಗಿನ ಗಡಸುತನವನ್ನು ಮೂಲ ಶಾಕ್ ಅಬ್ಸಾರ್ಬರ್ ಸಂಭಾಳಿಸಲಾರದು, ಕಾರು ಕುಣಿಯುತ್ತದೆ, ಕೆಲವೇ ತಿಂಗಳಲ್ಲಿ ಅದರಿಂದ ಎಣ್ಣೆ ಸೋರುತ್ತದೆ.

ಸ್ಪ್ರಿಂಗನ್ನು ಕತ್ತರಿಸಿ ತಗ್ಗಿಸುವ ಗ್ಯಾರೇಜಿಗೆ ಕಾಲಿಡಬೇಡಿ. ಕತ್ತರಿಸಿದ ಸ್ಪ್ರಿಂಗು ತನ್ನ ಕೂರುವ ಜಾಗದಲ್ಲಿ ಭದ್ರವಾಗಿ ಕೂರುವುದಿಲ್ಲ. ಚಕ್ರ ಗುಂಡಿಗೆ ಇಳಿದಾಗ ಅದು ಸಡಿಲವಾಗಿ ಜಾರಬಹುದು.

ನನ್ನ ಆಯ್ಕೆ ಬೇರೆ: ಎತ್ತರ ಮುಟ್ಟಬೇಡಿ, ಹಳೆಯದಾದದ್ದನ್ನು ಹೊಸದು ಮಾಡಿ. 60–70 ಸಾವಿರ ಕಿಲೋಮೀಟರ್ ಓಡಿದ ಕಾರಿಗೆ ನಾಲ್ಕೂ ಶಾಕ್ ಅಬ್ಸಾರ್ಬರ್, ಕೆಳಗಿನ ಆರ್ಮ್‌ಗಳ ರಬ್ಬರ್ ಬುಶ್, ಸ್ಟೆಬಿಲೈಸರ್ ಲಿಂಕ್, ಮುಂದಿನ ಸ್ಟ್ರಟ್ ಮೌಂಟ್ ಇಷ್ಟನ್ನು ಬದಲಿಸಿ ಅಲೈನ್‌ಮೆಂಟ್ ಮಾಡಿಸಿದರೆ, ಸ್ಟೀರಿಂಗಿಗೆ ಕಾರು ಸ್ಪಂದಿಸುವ ರೀತಿಯೇ ಬೇರೆಯಾಗುತ್ತದೆ. ಸ್ವಿಫ್ಟ್ ಮೊದಲಿನಿಂದಲೂ ತಿರುವುಗಳಲ್ಲಿ ಚೆನ್ನಾಗಿ ಓಡುವ ಕಾರು. ಸವೆದ ರಬ್ಬರಿನ ಹಿಂದೆ ಆ ಗುಣ ಅಡಗಿ ಕೂತಿರುತ್ತದೆ.

ಹಂತ 5: ತೂಕ

90 ಅಶ್ವಶಕ್ತಿ, 900 ಕಿಲೋ ಎಂದರೆ ಒಂದು ಅಶ್ವಶಕ್ತಿಗೆ ಹತ್ತು ಕಿಲೋ. 30 ಕಿಲೋ ಇಳಿಸಿದರೆ ವೇಗ ಹಿಡಿಯುವಾಗ ಸುಮಾರು ಮೂರು ಅಶ್ವಶಕ್ತಿ ಸೇರಿಸಿದಷ್ಟು ಲಾಭ, ಅದೂ ಬಿಡಿಗಾಸಿನ ಖರ್ಚಿಲ್ಲದೆ. ಡಿಕ್ಕಿಯಲ್ಲಿ ವರ್ಷಗಟ್ಟಲೆ ಉಳಿದ ಸಾಮಾನು, ದೊಡ್ಡ ಸಬ್‌ವೂಫರ್ ಪೆಟ್ಟಿಗೆ, ಮುಂದಿನ ಕಬ್ಬಿಣದ ಗಾರ್ಡು ಇವನ್ನು ಇಳಿಸಿ. ಆ ಗಾರ್ಡು ಕಾನೂನಿಗೂ ವಿರುದ್ಧ: 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಅದರ ಮೇಲೆ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಬರೆದಿತ್ತು. ಡಿಕ್ಕಿಯಾದಾಗ ಪೆಟ್ಟನ್ನು ಹೀರಿಕೊಳ್ಳಬೇಕಾದ ಮುಂಭಾಗದ ಕೆಲಸಕ್ಕೆ ಅದು ಅಡ್ಡ ಬರುತ್ತದೆ, ಏರ್‌ಬ್ಯಾಗ್ ತೆರೆಯುವ ಲೆಕ್ಕವನ್ನೂ ಕೆಡಿಸಬಹುದು. ಸ್ಟೆಪ್ನಿ, ಜಾಕ್ ಮಾತ್ರ ಇಳಿಸಬೇಡಿ.

ಹಂತ 6: ಎಂಜಿನ್

ಟರ್ಬೊ ಇಲ್ಲದ 1.2 ಲೀಟರ್ ಎಂಜಿನ್‌ನಿಂದ ಹೊರಗಿನ ಬಿಡಿಭಾಗ ಜೋಡಿಸಿ ಪಡೆಯುವ ಹೆಚ್ಚುವರಿ ಶಕ್ತಿ ಬಹಳ ಕಡಿಮೆ. ಎಂಜಿನ್ ಒಳಗೆ ಎಳೆದುಕೊಳ್ಳುವ ಗಾಳಿ ಎಷ್ಟೋ ಅದಕ್ಕೆ ತಕ್ಕಷ್ಟೇ ಪೆಟ್ರೋಲು ಉರಿಯುತ್ತದೆ. ಆ ಗಾಳಿಯನ್ನು ಹೆಚ್ಚಿಸುವ ಸಾಧನ ಇದರಲ್ಲಿ ಇಲ್ಲ. ಇಸಿಯು ರೀಮ್ಯಾಪ್, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಾವಣೆ, ಮಾಡಿಸಿದರೆ ಪೆಡಲು ಒತ್ತಿದ ಕೂಡಲೇ ಸ್ಪಂದಿಸುವ ಭಾವನೆ ಬರಬಹುದು, ನಿಜವಾದ ಶಕ್ತಿ ಹೆಚ್ಚುವುದು ಕೆಲವೇ ಅಶ್ವಶಕ್ತಿ. ಆ ಹಣಕ್ಕೆ ಒಂದು ಜೊತೆ ಒಳ್ಳೆಯ ಟೈರು ಬರುತ್ತದೆ.

ಟರ್ಬೊ ಕಾರುಗಳ ಕಥೆ ಬೇರೆ. ಫೋಕ್ಸ್‌ವ್ಯಾಗನ್ ಪೋಲೊ 1.0 ಟಿಎಸ್‌ಐ 110 ಅಶ್ವಶಕ್ತಿ, 175 ನ್ಯೂಟನ್ ಮೀಟರ್ ಕೊಡುತ್ತಿತ್ತು. ಇಂಥ ಎಂಜಿನ್‌ಗಳಲ್ಲಿ ಟರ್ಬೊ ತಳ್ಳುವ ಗಾಳಿಯ ಒತ್ತಡವನ್ನು ಸಾಫ್ಟ್‌ವೇರ್ ಮೂಲಕವೇ ಏರಿಸಬಹುದಾದ್ದರಿಂದ ರೀಮ್ಯಾಪ್‌ನಲ್ಲಿ ಕಣ್ಣಿಗೆ ಕಾಣುವ ಏರಿಕೆ ಬರುತ್ತದೆ. ಆದರೆ ಆ ಹೆಚ್ಚುವರಿ ಟಾರ್ಕ್ ಕ್ಲಚ್ಚು, ಗೇರ್‌ಬಾಕ್ಸುಗಳ ಮೂಲಕವೇ ಚಕ್ರಕ್ಕೆ ಹೋಗಬೇಕು, ಅವುಗಳಿಗೂ ಮಿತಿಯಿದೆ. ಅದೇ ಕಂಪನಿಯ ಏಳು ಗೇರಿನ, ಒಣ ಕ್ಲಚ್ಚಿನ ಡಿಎಸ್‌ಜಿ ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಮಿತಿ 250 ನ್ಯೂಟನ್ ಮೀಟರ್. ಮಾಡಿಸುವ ಮೊದಲು ಮೂರು ಪ್ರಶ್ನೆ ಕೇಳಿ: ಮೂಲ ಫೈಲನ್ನು ಉಳಿಸಿಕೊಂಡು ಬೇಕಾದಾಗ ವಾಪಸು ಹಾಕಿಕೊಡುತ್ತಾರೆಯೇ, ಶಕ್ತಿ ಅಳೆಯುವ ಡೈನೊ ಯಂತ್ರದ ಮೇಲೆ ಮೊದಲು ಮತ್ತು ನಂತರದ ಅಳತೆ ತೋರಿಸುತ್ತಾರೆಯೇ, ಯಾವ ಆಕ್ಟೇನಿನ ಪೆಟ್ರೋಲಿಗೆ ಹೊಂದಿಸಿದ್ದಾರೆ? ಮೂರಕ್ಕೂ ನೇರ ಉತ್ತರ ಬರದಿದ್ದರೆ ಎದ್ದು ಬನ್ನಿ. ವಾರಂಟಿ ಇನ್ನೂ ಇರುವ ಕಾರಾದರೆ ಅದು ಹೋಯಿತೆಂದೇ ತಿಳಿಯಿರಿ.

ಶಂಕುವಿನಾಕಾರದ ತೆರೆದ ಏರ್ ಫಿಲ್ಟರ್ ಬಾನೆಟ್ ಎತ್ತಿದಾಗ ಚೆನ್ನಾಗಿ ಕಾಣುತ್ತದೆ, ಸದ್ದೂ ಇಂಪಾಗಿರುತ್ತದೆ. ಆದರೆ ಕಂಪನಿಯ ಕೊಳವೆ ಮುಂಭಾಗದಿಂದ ತಂಪು ಗಾಳಿಯನ್ನು ಎಳೆಯುತ್ತದೆ. ತೆರೆದ ಫಿಲ್ಟರ್ ಎಳೆಯುವುದು ಎಂಜಿನ್ ಪಕ್ಕದ ಬಿಸಿ ಗಾಳಿಯನ್ನು. 35 ಡಿಗ್ರಿಯ ಗಾಳಿಗೆ ಬದಲಾಗಿ 55 ಡಿಗ್ರಿಯ ಗಾಳಿ ಹೋದರೆ ಅದರ ಸಾಂದ್ರತೆ ಶೇ 6ರಷ್ಟು ಇಳಿಯುತ್ತದೆ, ಶಕ್ತಿಯೂ ಸರಿಸುಮಾರು ಅಷ್ಟೇ. ಹಣ ಕೊಟ್ಟು ಐದು ಅಶ್ವಶಕ್ತಿ ಕಳೆದುಕೊಂಡ ಹಾಗಾಯಿತು. ಬೇಕೆಂದರೆ ಮೂಲ ಪೆಟ್ಟಿಗೆಯೊಳಗೇ ಕೂರುವ, ತೊಳೆದು ಬಳಸಬಹುದಾದ ಫಿಲ್ಟರ್ ಹಾಕಿ.

ಸೈಲೆನ್ಸರ್ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಹೊಗೆಯ ವಿಷವನ್ನು ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಸಿದರೆ ಹೊಗೆಯ ಮಿತಿ ದಾಟುತ್ತದೆ, ಬಿಎಸ್6 ಹೊಗೆ ಮಾನದಂಡದ ಕಾರಿನ ಸೆನ್ಸರು ಎಂಜಿನ್ ದೀಪ ಹೊತ್ತಿಸುತ್ತದೆ. ಶಬ್ದ ಮತ್ತು ಹೊಗೆಯ ಮಾನದಂಡ ಮೀರಿದ ವಾಹನ ಓಡಿಸಿದರೆ ಕಾಯ್ದೆಯ 190(2) ಕಲಂ ಪ್ರಕಾರ ಮೊದಲ ಸಲ ಮೂರು ತಿಂಗಳವರೆಗೆ ಸೆರೆವಾಸ ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ, ಜೊತೆಗೆ ಚಾಲನಾ ಪರವಾನಗಿ ಮೂರು ತಿಂಗಳು ಅಮಾನತು. ಅದಕ್ಕಿಂತ ದೊಡ್ಡ ಮಾತು, ರಾತ್ರಿ ಹನ್ನೊಂದಕ್ಕೆ ಬೀದಿಗೆ ಬರುವ ಕಾರಿನ ಸದ್ದಿಗೆ ಅಕ್ಕಪಕ್ಕದ ಮನೆಯ ಮಗುವೂ ಮುದುಕರೂ ಎದ್ದು ಕೂರಬೇಕೇ? ನನ್ನ ಮಟ್ಟಿಗೆ ಇದಕ್ಕೆ ಉತ್ತರ ಸ್ಪಷ್ಟವಾಗಿದೆ.

ಹಂತ 7: ನೋಟ

ಸ್ವಚ್ಛವಾಗಿ, ಹೊಳೆಯುತ್ತಾ, ಸರಿಯಾದ ಚಕ್ರದ ಮೇಲೆ ನಿಂತ ಕಾರಿಗೆ ಬೇರೆ ಅಲಂಕಾರ ಹೆಚ್ಚು ಬೇಡ. ಮೊದಲು ಬಣ್ಣದ ಮೇಲಿನ ಸಣ್ಣ ಗೀರುಗಳನ್ನು ಹೋಗಲಾಡಿಸಿ. ತೊಳೆದು, ಕ್ಲೇ ಬಾರ್‌ನಿಂದ ಅಂಟಿದ ಧೂಳು ತೆಗೆದು, ಯಂತ್ರದಿಂದ ಕಾಂಪೌಂಡು, ಪಾಲಿಶ್ ಹಾಕಿ, ಕೊನೆಗೆ ವ್ಯಾಕ್ಸ್ ಅಥವಾ ಸೆರಾಮಿಕ್ ಲೇಪನ. ಗೀರು ತೆಗೆಯದೆ ಮೇಲೆ ಸೆರಾಮಿಕ್ ಹಾಕಿಸಿದರೆ ಗೀರುಗಳನ್ನೇ ಗಾಜಿನೊಳಗೆ ಇಟ್ಟು ಕಾಪಾಡಿದಂತೆ. ಮನೆಯಲ್ಲಿ ತೊಳೆಯುವಾಗ ಎರಡು ಬಕೆಟ್ ಇಟ್ಟುಕೊಳ್ಳಿ, ಒಂದು ಶಾಂಪೂ ನೀರಿಗೆ, ಇನ್ನೊಂದು ಬಟ್ಟೆ ಅಲುಬಲು. ಕೊಳವೆಬಾವಿಯ ಗಡಸು ನೀರು ಬಿಸಿಲಿಗೆ ಒಣಗಿದರೆ ಬಿಳಿ ಕಲೆ ಕಟ್ಟುತ್ತದೆ, ಆದ್ದರಿಂದ ನೆರಳಿನಲ್ಲಿ ತೊಳೆದು ಕೂಡಲೇ ಒರೆಸಿ.

ಹಳದಿಯಾದ ಹೆಡ್‌ಲೈಟ್ ಕವಚವನ್ನು 2000 ನಂಬರಿನ ನೀರುಕಾಗದದಿಂದ (ನೀರು ಹಾಕಿ ಉಜ್ಜುವ ಸ್ಯಾಂಡ್‌ಪೇಪರ್) ಒದ್ದೆಯಾಗಿಯೇ ಉಜ್ಜಿ ಪಾಲಿಶ್ ಮಾಡಿ, ಯುವಿ ತಡೆಯುವ ಲೇಪನ ಹಚ್ಚಿ. ಲೇಪನ ಬಿಟ್ಟರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿಯಾಗುತ್ತದೆ. ಕಂಪನಿಯ ಅಧಿಕೃತ ಪಟ್ಟಿಯಲ್ಲಿರುವ ಬಂಪರ್ ಅಂಚು, ಹಿಂದಿನ ಸ್ಪಾಯ್ಲರ್ ಮೂಲ ರಂಧ್ರಗಳಿಗೇ ಹೊಂದುವುದರಿಂದ ಆಯ್ಕೆಗೆ ಅವೇ ಮೇಲು. ಇಡೀ ಕಾರಿಗೆ ಬೇರೆ ಬಣ್ಣ ಬಳಿಸುವುದಿದ್ದರೆ, ವಿನೈಲ್ ಹೊದಿಕೆ ಹಾಕಿಸುವುದಿದ್ದರೂ, ಮೊದಲು ಸಾರಿಗೆ ಕಚೇರಿಯಲ್ಲಿ ಅರ್ಜಿ ಕೊಟ್ಟು ನೋಂದಣಿ ಪತ್ರದಲ್ಲಿ ಬಣ್ಣ ತಿದ್ದಿಸಿಕೊಳ್ಳಿ.

ಕಪ್ಪು ಫಿಲ್ಮ್ ಅಂಟಿಸುವ ಆಸೆ ಬಿಡಿ. 2012ರ ಏಪ್ರಿಲ್ 27ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಅದು ಪೊಲೀಸರ ಕಣ್ಣಿಗೆ ಮೊದಲು ಬೀಳುವ ವಸ್ತು. ಗಾಜಿನ ಮೂಲಕ ಹಾಯಬೇಕಾದ ಬೆಳಕು ಮುಂದೆ ಹಿಂದೆ ಶೇ 70, ಪಕ್ಕಗಳಲ್ಲಿ ಶೇ 50 ಎಂಬುದು ನಿಯಮ.

ಒಳಗೆ, ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇರುವ ಕಾರಿಗೆ ಆ ಜಾಗದಲ್ಲಿ ಸುಲಭವಾಗಿ ಬಿಚ್ಚಿಕೊಳ್ಳುವ ಹೊಲಿಗೆಯ ಕವರೇ ಆಗಬೇಕು. ಏರ್‌ಬ್ಯಾಗ್ ಇರುವ ಸ್ಟೀರಿಂಗನ್ನು ಬದಲಿಸುವುದಂತೂ ಮನೆಯವರ ಜೀವದೊಂದಿಗೆ ಆಡುವ ಆಟ.

ಹಂತ 8: ದೀಪ ಮತ್ತು ತಂತಿ

ಹ್ಯಾಲೊಜೆನ್ ಬಲ್ಬಿಗೆಂದು ಮಾಡಿದ ದೀಪದ ಬಟ್ಟಲಿಗೆ ಅಗ್ಗದ ಎಲ್‌ಇಡಿ ಬಲ್ಬು ಹಾಕಿದರೆ ಬೆಳಕು ರಸ್ತೆಗಿಂತ ಎದುರಿನವರ ಕಣ್ಣಿಗೇ ಹೆಚ್ಚು ಹೋಗುತ್ತದೆ, ಏಕೆಂದರೆ ಬೆಳಕು ಹೊರಡುವ ಬಿಂದು ಬಟ್ಟಲಿನ ಲೆಕ್ಕಕ್ಕೆ ತಾಳೆಯಾಗುವುದಿಲ್ಲ. ಮೂಲ 60/55 ವ್ಯಾಟಿನ ಎಚ್4 ಬಲ್ಬನ್ನೇ ಒಳ್ಳೆಯ ದರ್ಜೆಯದ್ದು ಹಾಕಿ, ಬ್ಯಾಟರಿಯಿಂದ ನೇರವಾಗಿ ರಿಲೇ ಮತ್ತು ಫ್ಯೂಸ್ ಮೂಲಕ ವಿದ್ಯುತ್ ಕೊಡಿ. ತೆಳು ತಂತಿಯಲ್ಲಿ ಸೋರಿಹೋಗುತ್ತಿದ್ದ ವೋಲ್ಟೇಜು ಉಳಿದು ಅದೇ ಬಲ್ಬು ಸ್ಪಷ್ಟವಾಗಿ ಬೆಳಗುತ್ತದೆ. ಗೋಡೆಯಿಂದ ಹತ್ತು ಮೀಟರ್ ದೂರ ನಿಲ್ಲಿಸಿ ಡಿಮ್ ಬೆಳಕಿನ ಮೇಲಂಚು ದೀಪದ ಎತ್ತರಕ್ಕಿಂತ ಸುಮಾರು ಹತ್ತು ಸೆಂಟಿಮೀಟರ್ ಕೆಳಗಿರುವಂತೆ ತಿರುಪು ಹೊಂದಿಸಿ.

ಯಾವ ಕೆಲಸಕ್ಕೂ ಕಾರಿನ ಮೂಲ ತಂತಿಯನ್ನು ಕತ್ತರಿಸಲು ಬಿಡಬೇಡಿ. ಮೂಲ ಕನೆಕ್ಟರಿಗೆ ಹೊಂದುವ ಕಪ್ಲರ್‌ಗಳು ಸಿಗುತ್ತವೆ. ಕಾರುಗಳಿಗೆ ಬೆಂಕಿ ಹತ್ತುವುದಕ್ಕೆ ಟೇಪು ಸುತ್ತಿದ ಜೋಡಣೆ, ಫ್ಯೂಸಿಲ್ಲದ ತಂತಿ ಪ್ರಮುಖ ಕಾರಣಗಳು. ಹಲವು ಸ್ವರದ ಹಾರನ್‌ಗೂ ನಿಯಮದಲ್ಲಿ ಜಾಗವಿಲ್ಲ.

ಕೆಲಸ ಮುಗಿದ ಮೇಲೆ

ಬದಲಿಸಿದ ಪ್ರತಿ ಭಾಗದ ರಸೀದಿ, ಅಳತೆ, ದಿನಾಂಕಗಳನ್ನು ಒಂದು ಕಡತದಲ್ಲಿಡಿ. ಅಲಾಯ್, ಆಡಿಯೊಗಳ ಬೆಲೆಯನ್ನು ವಿಮಾ ಕಂಪನಿಗೆ ಬರೆದು ತಿಳಿಸಿ ಪಾಲಿಸಿಯಲ್ಲಿ ಸೇರಿಸಿಕೊಳ್ಳಿ. ಪ್ರೀಮಿಯಂ ಸ್ವಲ್ಪ ಏರುತ್ತದೆ, ಆದರೆ ಕಳುವಾದಾಗ ಕೇಳುವ ಹಕ್ಕು ಉಳಿಯುತ್ತದೆ. ಬಿಚ್ಚಿದ ಮೂಲ ಭಾಗಗಳನ್ನು ಗುಜರಿಗೆ ಹಾಕದೆ ಮನೆಯಲ್ಲಿಡಿ. ಮಾರುವಾಗ ಮೂಲ ಸ್ಥಿತಿಗೆ ತಂದ ಕಾರಿಗೇ ಒಳ್ಳೆಯ ಬೆಲೆ ಸಿಗುತ್ತದೆ, ಅಲಾಯ್‌ಗಳನ್ನು ಬೇರೆಯಾಗಿ ಮಾರಿಕೊಳ್ಳಬಹುದು.

ಇಷ್ಟೆಲ್ಲ ಮಾಡಿದ ಕಾರಿನ ಸಾಮರ್ಥ್ಯ ನೋಡುವ ಆಸೆ ಸಹಜ. ಅದಕ್ಕೆ ನೈಸ್ ರಸ್ತೆಯೋ ಮೈಸೂರು ಹೆದ್ದಾರಿಯೋ ಜಾಗವಲ್ಲ. ಕೊಯಮತ್ತೂರಿನ ಬಳಿ ಕರಿ ಮೋಟಾರ್ ಸ್ಪೀಡ್‌ವೇ, ಚೆನ್ನೈ ಬಳಿಯ ಇರುಂಗಾಟ್ಟುಕೋಟೈನಲ್ಲಿ ಮದ್ರಾಸ್ ರೇಸ್ ಟ್ರ್ಯಾಕ್ ಇವೆ, ಎರಡಕ್ಕೂ ಬೆಂಗಳೂರಿನಿಂದ ಒಂದು ದಿನದಲ್ಲಿ ಹೋಗಬಹುದು. ಸ್ವಂತ ಕಾರು ಓಡಿಸಲು ಅವಕಾಶವಿರುವ ಟ್ರ್ಯಾಕ್ ದಿನದ ಪ್ರಕಟಣೆ ನೋಡಿ ಹೆಸರು ಕೊಡಿ. ಹೋಗುವ ಮುನ್ನ ಹೊಸ ಬ್ರೇಕ್ ಆಯಿಲ್ ತುಂಬಿಸಿ, ಪ್ಯಾಡಿನ ದಪ್ಪ ನೋಡಿ, ಡಿಕ್ಕಿ ಪೂರ್ತಿ ಖಾಲಿ ಮಾಡಿ, ಎಳೆಯುವ ಕೊಂಡಿ ಕೈಗೆ ಸಿಗುವಂತಿರಲಿ. ಸಾಧಾರಣ ವಿಮಾ ಪಾಲಿಸಿ ಟ್ರ್ಯಾಕಿನಲ್ಲಿ ಆಗುವ ಹಾನಿಗೆ ಹಣ ಕೊಡುವುದಿಲ್ಲ. ಆದ್ದರಿಂದ ಮೊದಲ ಸುತ್ತುಗಳನ್ನು ಅರ್ಧ ವೇಗದಲ್ಲೇ ಹಾಕಿ, ಇಳಿದು ಬಂದು ಟೈರಿನ ಗಾಳಿ ಮತ್ತು ಚಕ್ರದ ನಟ್ಟುಗಳನ್ನು ಇನ್ನೊಮ್ಮೆ ಪರೀಕ್ಷಿಸಿ, ಆಮೇಲೆ ವೇಗ ಹೆಚ್ಚಿಸಿ.